ಅಮ್ಮನ ಡಬ್ಬಿಯಲ್ಲಿ ಟೀಚರ್ ಕೈ

ನವೆಂಬರ್ 5, ಸಂಜೆ
ಮಧ್ಯಾಹ್ನ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ ಅಂಗನವಾಡಿಗೆ ಹೋದೆ. ಮನೆ ಕೀಲಿ ಬೇಕಿತ್ತು. ಮಕ್ಕಳು ಮಲಗಿದ್ದವು. ಸಹಾಯಕಿ ನನ್ನಮ್ಮ, ಟೀಚರ್ ಲಲಿತಮ್ಮ — ಇಬ್ಬರೂ ಒಲೆಯ ಪಕ್ಕ ಕುಳಿತು ಉಣ್ಣುತ್ತಿದ್ದರು. ಅಮ್ಮನ ಡಬ್ಬಿಯಲ್ಲಿ ಟೀಚರ್ ಕೈ. ನಮ್ಮ ಕೇರಿಯ ಮುದ್ದೆ, ಹುರುಳಿ ಬಸ್ಸಾರು ಅವರಿಗೆ. ಬ್ರಾಹ್ಮಣರ ಮನೆಯ ಗೊಜ್ಜು, ಮೊಸರನ್ನ ಅಮ್ಮನಿಗೆ. ಟೀಚರ್ ಮುದ್ದೆ ಅಗಿಯುತ್ತಿದ್ದರು.

"ನುಂಗ್ರೀ ಟೀಚರ್. ಹನ್ನೊಂದ್ ವರ್ಷಾಯ್ತು, ಇನ್ನೂ ಕಲೀಲಿಲ್ವಲ್ಲ" ಎಂದು ಅಮ್ಮ ನಗುತ್ತಿದ್ದಳು.

ಹನ್ನೊಂದು ವರ್ಷ. ನನಗೊಂದು ಮಾತು ಹೇಳಿಲ್ಲ. ಸಹಭೋಜನದ ಮೇಲೆ ಕಿರುಪುಸ್ತಕ ಓದಿ ಇವಳಿಗೇ ಎಷ್ಟು ಭಾಷಣ ಬಿಗಿದಿದ್ದೇನೆ... ಬಾಗಿಲಲ್ಲೇ ನಿಂತು ಫೋಟೋ ತೆಗೆದೆ. ಅವರು ನೋಡಲಿಲ್ಲ. ನಮ್ಮ ದಲಿತ ಸಂಘದ ಫೇಸ್‌ಬುಕ್ ಪೇಜಿಗೆ ಹಾಕಿದೆ, ಹೆಸರು ಸಮೇತ: "ಅಜ್ಜಂಪುರದಲ್ಲಿ ಜಾತಿಯ ಕೋಟೆ ಒಡೆದ ಇಬ್ಬರು." ಕೇಳಬೇಕಿತ್ತೇ? ಕ್ರಾಂತಿಗೆ ಅಪ್ಪಣೆ ಏಕೆ?

ನವೆಂಬರ್ 6
ಸಂಘದ ಕಾಂತರಾಜಣ್ಣ ಕಡೂರಿನಿಂದ ಫೋನ್ ಮಾಡಿ ಹೊಗಳಿದರು. ತರೀಕೆರೆಯವರೂ ಶೇರ್ ಮಾಡಿದ್ದಾರಂತೆ. ದಿನವಿಡೀ ಪುಳಕ.

ನವೆಂಬರ್ 9
ಅಮ್ಮನ ಡಬ್ಬಿ ತುಂಬಿದ ಹಾಗೇ ವಾಪಸ್. ಮೂರನೇ ದಿನ. ಹಸಿವಿಲ್ಲವಂತೆ.

ನವೆಂಬರ್ 12
ಗೊತ್ತಾಯಿತು. ಲಲಿತಮ್ಮನವರ ತರೀಕೆರೆಯ ನಾದಿನಿ ಫೋಟೋವನ್ನು ಅವರ ಅತ್ತೆಗೆ ತೋರಿಸಿದ್ದಾರೆ. ಅಡುಗೆಮನೆಗೆ ಕಾಲಿಡಬೇಡ ಎಂದರಂತೆ ಅತ್ತೆ. ಈಗ ಟೀಚರ್ ಜಗಲಿಯಲ್ಲಿ ಒಬ್ಬರೇ ಬಾಳೆಹಣ್ಣು ತಿನ್ನುತ್ತಾರೆ. ಅಮ್ಮ ಒಳಗೆ ಡಬ್ಬಿ ತೆರೆಯುವುದೇ ಇಲ್ಲ.

ಮೈ ಉರಿಯಿತು. ಹೇಡಿ ಅವರು, ಎಂದೆ.

ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ನಿಂತಿತು. "ನಿಮ್ಮಪ್ಪ ಸತ್ತಾಗ ಅನ್ನ ನನ್ ಗಂಟಲಲ್ಲಿ ಇಳೀತಿರ್ಲಿಲ್ಲ. ಆವಮ್ಮ ಕಲಸಿ ಕೈಗಿಟ್ಟು ಉಣ್ಸಿದ್ಲು. ಹೇಡಿನಾ? ನಾವು ಊಟ ಮಾಡ್ತಿದ್ವಿ ಕಣೇ. ಜಾತಿ ಬರ್ದೋಳು ನೀನು."



ನವೆಂಬರ್ 14, ಮಧ್ಯಾಹ್ನ 3
ಕ್ಷಮೆ ಕೇಳಲು ಹೋದೆ. ಟೀಚರ್ ಮಕ್ಕಳಿಗೆ ಮೊಟ್ಟೆ ಸುಲಿಯುತ್ತಿದ್ದರು. ತಪ್ಪಾಯಿತು ಎಂದೆ. ಬೈಯಲಿಲ್ಲ. ತಲೆ ಎತ್ತಲೂ ಇಲ್ಲ.

"ಆ ಫೋಟೋ ಅಳ್ಸಿದೀಯೇನಮ್ಮ, ಹೇಮಾ?"

"ಹೂಂ ಟೀಚರ್, ಆವತ್ತೇ."

ಸುಳ್ಳು.

"ಒಳ್ಳೇದಾಯ್ತು. ಮನೇಲಿ ಸ್ವಲ್ಪ ತಣ್ಣಗಾಗ್ಲಿ, ನೋಡೋಣ ಅಂತ ದುರ್ಗಮ್ಮಂಗೆ ಹೇಳು."

ದುರ್ಗಮ್ಮ, ನನ್ನಮ್ಮ, ಹತ್ತು ಹೆಜ್ಜೆ ಆಚೆ ಒಲೆಯ ಹತ್ತಿರವೇ ಇದ್ದಳು.

ಹೊರಗೆ ಬಂದು ನಲ್ಲಿಯ ಪಕ್ಕ ನಿಂತು ಪೇಜ್ ತೆರೆದೆ. ಅಳಿಸಲೆಂದೇ ತೆರೆದೆ. ಆದರೂ ಮೊದಲು ನೋಡಿದ್ದು... ಲೈಕ್ ಎಷ್ಟು ಏರಿದೆ ಎಂದು. ನೋಡಿ, ಒಂದು ಕ್ಷಣ ಮತ್ತದೇ ಪುಳಕ. ಆಮೇಲೆ ಅಳಿಸಿದೆ.