ನಡುಗೋಡೆಗೆ ಬುನಾದಿ

ಸಿದ್ದಾಪುರ
೨೪ ಆಗಸ್ಟ್ ೨೦೨೫

ಪ್ರೀತಿಯ ಮಗಳು ಅಮೃತಾಗೆ,

ನಾನೂ ನಿಮ್ಮವ್ವನೂ ಆರಾಮವಾಗಿದ್ದೇವೆ. ನಾಗಪುರದಲ್ಲಿ ಮಳೆ ಜೋರು ಎಂದು ಓದಿದೆ. ಕೊಡೆ ಮರೆತು ಹೋಗುವ ನಿನ್ನ ಚಾಳಿ ಅಲ್ಲಿಯೂ ಮುಂದುವರಿದಿದೆಯೋ ಏನೋ. ತಡವಾಗಿ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡ. ಮನೆಯ ಬುನಾದಿಯ ಪರೀಕ್ಷೆ ಮುಗಿದ ದಿನವೇ ಬರೆಯಲು ಕುಳಿತು, ಬರೆದ ಹಾಳೆಯನ್ನು ಹರಿದು ಹಾಕಿದೆ. ಪರೀಕ್ಷೆ ಮಾಡಿದ ನಿನ್ನ ಗೆಳತಿ ಹೇಮಾ ಫೋಟೊಗಳನ್ನು ಅಂದೇ, ಅಂಕಿಗಳನ್ನು ಆಮೇಲೆ ಕಳಿಸಿದ್ದಾಳೆಂದು ಗೊತ್ತು. ಆದರೆ ಫೋನಿನಲ್ಲಿ ನೀನು ಕೇಳಿದ್ದು, ಕಾಕಾ ಏನಂದ ಎಂದು. ನನ್ನ ಪಕ್ಕದಲ್ಲಿ ನಿಮ್ಮವ್ವ ಕುಳಿತಿದ್ದಳು, ಬಿರುಕು ಬಿಟ್ಟ ಗೋಡೆಯ ಆಚೆ ಆ ನನ್ನ ತಮ್ಮನೇ ಇದ್ದ. ಹೇಗೆ ಹೇಳಲಿ?

ಈ ಸಲ ಕಾಲುವೆಗೆ ನೀರು ಬಿಟ್ಟು, ಗದ್ದೆಗಳೆಲ್ಲ ತುಂಬಿದ ಮೇಲೆ ನಮ್ಮ ನಡುಗೋಡೆ ಮೇಲಿನಿಂದ ನೆಲದವರೆಗೆ ಸೀಳಿತು. ನಮ್ಮ ಕಡೆ ಬೆರಳು ತೂರುವಷ್ಟು; ಕಾಕಾನ ಕಡೆಯೂ ಅಷ್ಟೇ ಎಂದು ಕೇಳಿದೆ. ಊರವರು ದೂರಿದ್ದು ನಿನ್ನ ಬೂದಿಯನ್ನು. ಸಿಮೆಂಟು ಕಡಿಮೆ ಮಾಡಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಕಲಸಿ ಬುನಾದಿಗೆ ಕುಡಿಸಿದರೆ ಇನ್ನೇನಾಗುತ್ತದೆ ಎಂದು ಚಹಾದಂಗಡಿಯಲ್ಲಿ ನನ್ನ ಎದುರಿಗೇ ಮಾತಾಡಿದರು. ಬೂದಿಯಿಂದ ಪಾತ್ರೆ ತಿಕ್ಕುತ್ತಾರೆ, ಮನೆ ನಿಲ್ಲಿಸುತ್ತಾರೇನು ಎಂದ ಒಬ್ಬ. ನಾನು ಚಹಾ ಮುಗಿಸಿ ಎದ್ದು ಬಂದೆ.

ಬುನಾದಿ ನಿಜವಾಗಿಯೂ ಹೋಗಿದ್ದರೆ ಮುಂದೇನು ಎಂದು ಹೇಮಾಳನ್ನು ಮೊದಲೇ ಕೇಳಿದ್ದೆ. ಮನೆ ಎರಡಾಗಿದ್ದರೂ ಕೆಳಗಿನ ಬುನಾದಿ ಒಂದೇ, ಅರ್ಧ ಕೆಡವಲು ಬರುವುದಿಲ್ಲ ಎಂದಳು. ಅಣ್ಣತಮ್ಮಂದಿರು ಇಬ್ಬರೂ ಕೂಡಿ ಇಡೀ ಮನೆ ಇಳಿಸಿ, ಹೊಸದಾಗಿ ಒಂದೇ ಬುನಾದಿ ತೋಡಬೇಕಾಗುತ್ತದಂತೆ. ಕಾಕಾನ ಮನೆಗೂ ಹೋಗಿ ಇದನ್ನೇ ಹೇಳಿ ಬಂದಳು.

ಹಳೆ ಬುನಾದಿಯ ಸಂದುಗಳಿಗೆ ಆ ಬೂದಿಯ ಗ್ರೌಟು ಕುಡಿಸಿದ ಬೇಸಿಗೆ ನೆನಪಿದೆಯಲ್ಲ? ಆಗ ಗೋಡೆ ಇರಲಿಲ್ಲ, ಅಜ್ಜಿ ಇದ್ದಳು. ಗಿರಣಿಯ ಬಾಯ್ಲರಿನಿಂದ ಬೂದಿಯ ಚೀಲ ಹೊತ್ತು ತಂದವನು ಕಾಕಾನೇ. ಕರಿ ಬೂದಿ ಬೇಡ, ಚೆನ್ನಾಗಿ ಸುಟ್ಟ ಬಿಳಿ ಬೂದಿಯೇ ಬೇಕೆಂದು ನೀನು ಎರಡು ಚೀಲ ವಾಪಸು ಕಳಿಸಿದಾಗ, "ಕನ್ಯಾ ನೋಡಾಕ ಹೋದಾಗ ಸೈತ ನಾ ಇಷ್ಟು ಬಣ್ಣ ನೋಡಿಲ್ಲವಾ" ಎಂದಿದ್ದ. ಅವನೂ ನಾನೂ ಅಜ್ಜಿಯ ಹಳೆ ಸೀರೆಯ ಎರಡು ತುದಿ ಹಿಡಿದು ಬೂದಿ ಸಾಣಿಸಿದೆವು. ನಮ್ಮಿಬ್ಬರ ಮುಖ ನೋಡಿ ಅಜ್ಜಿ ನಕ್ಕದ್ದು ಈಗಲೂ ಕಿವಿಯಲ್ಲಿದೆ.

ಅಜ್ಜಿ ತೀರಿದ ಮೇಲೆ ಪಾಲಾಯಿತು. ಆಗ ನೀನು ಇಲ್ಲಿರಲಿಲ್ಲ. ಬೇರೆ ಒಲೆ ಹೊತ್ತಿಸಲು ಹಿರಿಯರು ಒಳ್ಳೆಯ ದಿನ ಗೊತ್ತು ಮಾಡಿದರು. ಅಷ್ಟರೊಳಗೆ ಗೋಡೆ ಏಳಲೇಬೇಕೆಂದು ಪಟ್ಟು ಹಿಡಿದರು. ಒಲೆ ಬೇರೆಯಾದ ಮೇಲೆ ಒಬ್ಬರ ಹೊಗೆ ಇನ್ನೊಬ್ಬರು ನೋಡಬಾರದಂತೆ. ನೆಲ ಅಗೆದು ಕೂರುವಷ್ಟು ಪುರುಸೊತ್ತು ಯಾರಿಗಿತ್ತು? ನಡುಮನೆಯ ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆಯೇ ಇಟ್ಟಿಗೆ ಇಟ್ಟು ಗೋಡೆ ಎಬ್ಬಿಸಿದರು.

ಇನ್ನು ಪರೀಕ್ಷೆಯ ದಿನದ ಸಂಗತಿ. ಹೇಮಾಳ ಜೊತೆ ಗಂಗಾವತಿಯಿಂದ ಡ್ರಿಲ್ಲಿನ ಚಾಂದಸಾಬ ಬಂದಿದ್ದ. ಎರಡೂ ಪಾಲು ಕೂಡುವ ಜಾಗದಲ್ಲಿ, ಮುಂದಿನ ಕಟ್ಟೆಯ ಬುಡದಲ್ಲಿ ಗುಂಡಿ ತೋಡಿ ಮಷೀನು ಇಳಿಸಿದರು. ಕಾಕಾ ತನ್ನ ಬಾಗಿಲಿಗೆ ಬಂದು ನಿಂತ. ನಾನು ನನ್ನ ಬಾಗಿಲಲ್ಲಿದ್ದೆ.

"ಚಾಂದಸಾಬ, ಮಷೀನಿನ ನೀರು ನಮ್ಮ ಕಡಿ ಹರದು ಬರಾಕತ್ತೈತಿ ಅಂತ ಅವರಿಗೆ ಹೇಳು" ಎಂದ ಕಾಕಾ.

"ಇಳಿಜಾರು ಆ ಕಡಿ ಐತಿ, ನಾ ಮಾಡಿದ್ದಲ್ಲ ಅಂತ ಹೇಳು" ಎಂದೆ ನಾನು.

ಚಾಂದಸಾಬ ಮಷೀನು ನಿಲ್ಲಿಸಿ ಕೈ ಒರೆಸಿಕೊಂಡ. "ಇಬ್ರೂ ಮಾರು ದೂರದಾಗ ನಿಂತೀರಿ. ಈ ಸಪ್ಪಳದಾಗ ನನಗ ಒಬ್ಬರದೂ ಕೇಳವಲ್ದು. ನೀವ ನೀವ ಮಾತಾಡ್ಕೊಂಡ್ರ ನನ್ನ ಕೆಲಸರ ಸಾಗತೈತ್ರಿ."

ಹೇಮಾ ಅತ್ತ ತಿರುಗಿ ನಕ್ಕಳು. ಕಾಕಾನ ಮೀಸೆಯೂ ಸ್ವಲ್ಪ ಅಲುಗಿತು.

ಮಷೀನಿನ ಕೊಳವೆಯಿಂದ ಹೊರಬಂದ ಬುನಾದಿಯ ತುಂಡು ಬೂದುಬಣ್ಣದ್ದು, ನನ್ನ ಮುಂಗೈ ಗಾತ್ರದ್ದು. ಹೇಮಾ ಉಗುರಿನಿಂದ ಕೆರೆದಳು, ಮೊಳೆಯಿಂದ ಗೀರಿದಳು, ಔಷಧ ಸಿಂಪಡಿಸಿದಳು. ಅಂಚಿನವರೆಗೂ ಗುಲಾಬಿ ಬಣ್ಣ ಏರಿತು; ಸತ್ವ ಹೋಗಿಲ್ಲ ಎಂಬುದಕ್ಕೆ ಅದೇ ಗುರುತಂತೆ. ಅದೇ ಗುಂಡಿಯಲ್ಲಿ ಸಿಕ್ಕ ಹಳೆಯ ಬರೀ ಸಿಮೆಂಟಿನ ಗಿಲಾವು ಸವಳು ಮಣ್ಣಿನ ಉಪ್ಪು ಹೊಡೆದು ಬೆರಳಲ್ಲೇ ಉದುರಿತು. ನಿನ್ನದು ಹಾಕಿದ ವರ್ಷಕ್ಕಿಂತ ಈಗ ಗಟ್ಟಿಯಾಗಿದೆ ಎಂದು, ಹೇಮಾ ಒಯ್ದ ಇನ್ನೊಂದು ತುಂಡಿನ ಮೇಲೆ ಆಮೇಲೆ ಬಂದ ಪ್ರಯೋಗಶಾಲೆಯ ಅಂಕಿಗಳೂ ಹೇಳಿದವು. ಆಗ ಬೇಗ ಗಟ್ಟಿಯಾಗಲಿಲ್ಲವೆಂದು ನಾವೆಲ್ಲ ಗಾಬರಿಯಾಗಿದ್ದೆವು, ನೀನೊಬ್ಬಳು ಮಾತ್ರ ಅದು ಸಾವಕಾಶ ಬಲಿಯುವಂಥದ್ದು ಎಂದಿದ್ದೆ.

ಕಾಕಾ ಕಟ್ಟೆ ಇಳಿದು ಬಂದ. ಹೇಮಾಳನ್ನಾಗಲೀ ಚಾಂದಸಾಬನನ್ನಾಗಲೀ ನೋಡಲಿಲ್ಲ.

"ಗಟ್ಟಿ ಐತೇನಣ್ಣ?"

"ಗಟ್ಟಿ ಐತಿ."

"ಹಂಗಾರ ಮನಿ ಕೆಡವೂದು ಬ್ಯಾಡ."

"ಬ್ಯಾಡ."

ಅವನು ತುಂಡನ್ನು ಕೈಯಲ್ಲಿ ತೂಗಿ ನೋಡಿ, ಮತ್ತೆ ನನ್ನ ಕೈಗೇ ಕೊಟ್ಟ. "ಛಲೋ ಆತು" ಎಂದು ಒಳಗೆ ಹೋದ. ಗೋಡೆ ಎದ್ದ ಮೇಲೆ ಅವನು ನನ್ನೊಡನೆ ಆಡಿದ ಮಾತು ಇಷ್ಟೇ.

ನಿಮ್ಮವ್ವನ ಸಂಭ್ರಮ ನೀನು ನೋಡಬೇಕಿತ್ತು. ತುಂಡನ್ನು ಕಟ್ಟೆಯ ಮೇಲಿಟ್ಟು, ಹೋಗುವವರನ್ನು ಕರೆದು, ಬೆರಳಿನಿಂದ ಪುಡಿ ಮಾಡಿ ತೋರಿಸಿದರೆ ಹೋಳಿಗೆ ಊಟ ಹಾಕುತ್ತೇನೆ ಅನ್ನುತ್ತಿದ್ದಾಳೆ. ಪಾತ್ರೆ ತಿಕ್ಕುವ ಮಾತಾಡಿದವನು ಈಗ ನಮ್ಮ ಓಣಿ ಬಿಟ್ಟು ಬೇರೆ ದಾರಿ ಹಿಡಿದಿದ್ದಾನೆ.

ಬಿರಿದದ್ದು ನಡುಗೋಡೆ ಮಾತ್ರ. ಅದಕ್ಕೆ ಬುನಾದಿಯೇ ಇಲ್ಲವಲ್ಲ. ಕೆಳಗಿನ ಮಣ್ಣು ಕಾಲುವೆಯ ನೀರು ಕುಡಿದು ಉಬ್ಬಿದ ಕಡೆ ಪರಸಿ ಎದ್ದಿದೆ. ಗೋಡೆ ತೆಗೆಯಬೇಕು, ಇಲ್ಲವೇ ಅದಕ್ಕೊಂದು ಬುನಾದಿ ಕೊಡಬೇಕು ಎಂದಳು ಹೇಮಾ. ಮರುದಿನ ಬೆಳಿಗ್ಗೆ ಮಷೀನು ಒಯ್ಯಲು ಬಂದ ಚಾಂದಸಾಬನ ಕೈಯಲ್ಲಿ ಕಾಕಾ ಹೇಳಿಕಳಿಸಿದ: ಗೋಡೆಗೆ ಬುನಾದಿ ಆಗಲಿ, ಅಮೃತಾನ ಬೂದಿಯನ್ನೇ ಹಾಕಿಸಲಿ, ಮತ್ತೆ ಬಿರಿಯಬಾರದು. ಆಗಲಿ ಎಂದು ನಾನೂ ಹೇಳಿಕಳಿಸಿದೆ.

ನಿನ್ನ ಕೆಲಸಕ್ಕೆ ಒಳ್ಳೆಯ ಹೆಸರು ಬಂದಿದೆ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಿಂದ ಇನ್ನೂ ಎಷ್ಟೋ ಮನೆಗಳು ನೆಟ್ಟಗೆ ನಿಲ್ಲಲಿ ಎಂದು ಇಬ್ಬರೂ ಹರಸುತ್ತೇವೆ.

ನಿನ್ನ ಅಪ್ಪ,
ಅಮರಪ್ಪ

ಮರೆತ ಮಾತು: ಹರಿದು ಹಾಕಿದ ಹಾಳೆಯಲ್ಲಿ ಇದೊಂದೇ ಸಂಗತಿ ಇತ್ತು. ಮಷೀನು ಇಳಿಯುತ್ತಿದ್ದಾಗ, ತುಂಡು ಪುಡಿಪುಡಿಯಾಗಿ ಬರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನಿನ್ನ ಕೆಲಸ ಕೆಡಲಿ ಎಂದಲ್ಲ, ತಾಯಿ. ಕೆಟ್ಟಿದ್ದರೆ ನಾವಿಬ್ಬರೂ ಕೂಡಿ ಒಂದೇ ಬುನಾದಿ ತೋಡಬೇಕಾಗುತ್ತಿತ್ತು. "ಛಲೋ ಆತು" ಅಂದ ಕಾಕಾನ ದನಿಯಲ್ಲಿಯೂ ಸಂತೋಷ ಇರಲಿಲ್ಲ ಅನ್ನಿಸಿತು. ಕೇಳಲು ನನಗೆ ಬಾಯಿ ಬರಲಿಲ್ಲ. ಗೋಡೆಯ ಬುನಾದಿಗೆ ಬೂದಿ ಎಷ್ಟು, ಸಿಮೆಂಟು ಎಷ್ಟು ಎಂಬ ಅಳತೆಯನ್ನು ನೀನೇ ಬರೆದು ಕಳಿಸಬೇಕಂತೆ, ಹೇಮಾ ಹೇಳಿದಳು. ಕಳಿಸು. ಅವಸರವೇನಿಲ್ಲ.