ಸಂಗೀತ ನಿಲ್ಲೋ ಜಾಗ

ಇವಳೇ,

ನಾಳೆ ಮಗಳ ಜಿಮ್ನಾಸ್ಟಿಕ್ಸ್ ಸ್ಪರ್ಧೆ. ನೀನು ತೀರಿಕೊಂಡ ಮೇಲೆ ಇದೇ ಮೊದಲನೇದು. ಫ್ಲೋರ್ ಮೇಲೆ ಅವಳು ಹಾರೋಕೆ ಸಂಗೀತ ಹುಡುಕೋ ಕೆಲಸ ನನ್ನ ತಲೆಗೆ ಕಟ್ಟಿದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಡೋಲು, ತುತ್ತೂರಿ, ರಾಶಿ ಪಿಟೀಲು ಸೇರಿ ಕಿವಿ ತಮಟೆ ಹರಿಯೋ ಆರ್ಕೆಸ್ಟ್ರಾಗಳನ್ನೆಲ್ಲ ಕೇಳಿಸಿದೆ. ಒಂದೂ ಬೇಡ ಅಂದಳು. ಕೊನೆಗೆ ಒಂದನ್ನ ಒಪ್ಪಿದಳು. ಅದು ಅಬ್ಬರಿಸಿಕೊಂಡು ಏರಿ ಏರಿ, ನಡುವೆ ತಟಕ್ಕನೆ ನಿಂತುಬಿಡುತ್ತೆ, ಆಮೇಲೆ ಮತ್ತೆ ಶುರುವಾಗುತ್ತೆ.

"ಆ ಖಾಲಿ ಜಾಗ ಕತ್ತರಿಸಿಬಿಡೋಣ," ಅಂದರು ಕೋಚ್.

"ಬೇಡ ಸರ್. ಅಮ್ಮ ಕೂಗ್ತಿದ್ದಿದ್ದು ಅಂಥ ಜಾಗದಲ್ಲೇ," ಅಂದಳು ಮಗಳು.

ಇವತ್ತು ಅಭ್ಯಾಸಕ್ಕೆ ಅದನ್ನೇ ಹಾಕಿದರು. ಸಂಗೀತ ನಿಂತಿತು. ಮಗಳು ಮೂಲೆಯಲ್ಲಿ ಕೈಯೆತ್ತಿ ನಿಂತು, ಗ್ಯಾಲರಿಯಲ್ಲಿದ್ದ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಡೋಲು ಮತ್ತೆ ಶುರುವಾಯಿತು, ಮುಗಿದೂ ಹೋಯಿತು. ಅವಳು ಅಲ್ಲಿಂದ ಹೆಜ್ಜೆ ಕಿತ್ತಿಡಲಿಲ್ಲ ಕಣೇ.

ಯಾವ ಮುಖ ಇಟ್ಟುಕೊಂಡು ಅವಳನ್ನ ಕೇಳಲಿ? ನೀನೇ ಹೇಳು. ಅಷ್ಟು ವರ್ಷ ಒಬ್ಬಳೇ ಆ ಗ್ಯಾಲರಿಯಲ್ಲಿ ಕೂತು, ಏನಂತ ಕೂಗ್ತಿದ್ದೆ?