ಸಾರಿನ ಮೇಲಿನ ಎಣ್ಣೆಹನಿ

ಹರದನಹಳ್ಳಿ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಮಲ್ಲೇಶನಿಗೆ,

ಚೆನ್ನಾಗಿದ್ದೀಯಾ? ಪುಣೆಯಲ್ಲಿ ಮಳೆ ಜೋರಂತೆ, ನಿನ್ನ ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಕೇಳಬೇಕಾದ್ದನ್ನು ಕೇಳಿ ಮುಗಿಸಿದೆ, ಈಗ ಬೈಯುತ್ತೇನೆ. ಫೋನಿನಲ್ಲಿ ಬೈದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಹೋದ ತಿಂಗಳು ಬಂದಾಗ ಊಟಕ್ಕೆ ಕೂತು ಅವ್ವನಿಗೆ ನಿನ್ನ ಸಂಶೋಧನೆ ವಿವರಿಸಿದೆಯಲ್ಲ, ನೆನಪಿದೆಯೇ? ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕದಿಂದ. ಅದನ್ನು ತುಂಬಿಕೊಂಡ ಪುಟ್ಟ ಚೀಲಗಳು ನರದ ತುದಿಯಲ್ಲಿ ಕಾದಿರುತ್ತವೆ. ಅವು ಚದುರದಂತೆ ಹಿಡಿದಿಡುವುದು ಪ್ರೋಟೀನುಗಳು ಎಂದೆ ನೀನು. ಆ ಪ್ರೋಟೀನುಗಳು ಸುತ್ತ ಗೋಡೆಯೇ ಇಲ್ಲದೆ ತಾವಾಗಿ ಕೂಡಿ ಹನಿಯಾಗುತ್ತವೆ, ಚೀಲಗಳು ಬಾಗಿಲ ಬಳಿಯೇ ಸಿದ್ಧವಾಗಿರುವುದರಿಂದ ಸಂಕೇತ ಬಂದ ಕೂಡಲೇ ರಾಸಾಯನಿಕ ಹೊರಬೀಳುತ್ತದೆ ಎಂದೆ. ಅವ್ವನಿಗೆ ತಿಳಿಯಲೆಂದು ತಟ್ಟೆಯ ಸಾರಿನ ಮೇಲೆ ತೇಲುತ್ತಿದ್ದ ಎರಡು ಎಣ್ಣೆಹನಿಗಳನ್ನು ಬೆರಳಲ್ಲಿ ಕೂಡಿಸಿ ತೋರಿಸಿದೆ. ನಾನೂ ಬಾಯಿ ಬಿಟ್ಟುಕೊಂಡು ಕೇಳಿದೆ ಬಿಡು. ನನ್ನ ಮಗಳು ರಂಜಿಯ ಮೂರ್ಛೆರೋಗಕ್ಕೂ ಇದಕ್ಕೂ ಸಂಬಂಧ ಉಂಟೇ ಎಂದು ಅವ್ವ ಕೇಳಿದರೆ, ಇದ್ದರೂ ಇರಬಹುದು ಎಂದು ಎದ್ದುಹೋದೆ.

ನೀನು ಎದ್ದುಹೋದೆ, ಅವ್ವ ಅಲ್ಲೇ ಕೂತು ಯೋಚಿಸಿದಳು. ಸಾರು ಕುದಿದರೆ ಹನಿ ಚದುರುತ್ತದೆ. ರಂಜಿಯ ಗುಳಿಗೆ ಉಷ್ಣ, ಅವಳ ತಲೆಯೊಳಗಿನ ಹನಿಯೂ ಹಾಗೆಯೇ ಚದುರೀತು ಎಂದುಕೊಂಡಳು. ನಾನು ಗುಂಡ್ಲುಪೇಟೆಯ ಶಾಲೆಗೆ ಪಾಠ ಮಾಡಲು ಬೆಳಿಗ್ಗೆಯೇ ಬಸ್ಸು ಹತ್ತುವವಳು. ಮಗುವಿಗೆ ಎರಡು ಹೊತ್ತೂ ಗುಳಿಗೆ ಕೊಡುವುದು ಅವ್ವನ ಪಾಲು. ಅದನ್ನು ನಿಲ್ಲಿಸಿ, ಲಿಂಗಪೂಜೆ ಮುಗಿಸಿದ ಮೇಲೆ ತಂಪಿಗೆಂದು ಬರೀ ಪಾದೋದಕ ಕುಡಿಸಿದ್ದಾಳೆ. ಹೋದ ವಾರ ರಂಜಿ ತರಗತಿಯಲ್ಲೇ ಬಿದ್ದಳು. ಸೆಳೆತ ನಿಲ್ಲದೆ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಅವ್ವ ನನ್ನ ಸೆರಗು ಹಿಡಿದುಕೊಂಡು ಹೇಳಿದಳು: “ಬಿಸಿಗೆ ಹನಿ ಒಡ್ದೋಯ್ತದೆ ಅಂತ ಗುಳ್ಗೆ ಬುಟ್ಬುಟ್ಟೆ ಕಣವ್ವ. ಅವ್ನೇ ಯೋಳಿದ್ನಲ್ಲ.” ಈಗ ಮಗು ಮನೆಗೆ ಬಂದಿದೆ, ಗುಳಿಗೆಯೂ ಶುರುವಾಗಿದೆ.

ಅವ್ವನ ಮೇಲೆ ನಾನು ಕೂಗಾಡಲಿಲ್ಲ. ಸಿಟ್ಟೆಲ್ಲ ನಿನ್ನ ಮೇಲಿದೆ. ಹನಿಯ ಬಗ್ಗೆ ಅಷ್ಟು ಹೊತ್ತು ಕೊರೆದವನಿಗೆ, ಇದೆಲ್ಲ ಇನ್ನೂ ಪ್ರಯೋಗಶಾಲೆಯ ಮಾತು, ಗುಳಿಗೆ ಮಾತ್ರ ತಪ್ಪಿಸಬೇಡ ಎನ್ನಲು ನಾಲಿಗೆ ಸವೆಯುತ್ತಿತ್ತೇ? ಈ ಮನೆಯಲ್ಲಿ ಡಾಕ್ಟರ ಮಾತಿಗಿಂತ ನಿನ್ನ ಮಾತು ದೊಡ್ಡದು. ಅದು ಗೊತ್ತಿದ್ದೇ ನೀನು ಮೆರೆದದ್ದು. ನನ್ನ ಮಗಳ ಉಸಿರು ಕಟ್ಟಿ ತುಟಿ ನೀಲಿಯಾದದ್ದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ.

ಸಿಟ್ಟಿದೆ ಎಂದು ಆಶೀರ್ವಾದಕ್ಕೆ ಕೊರತೆ ಮಾಡುವುದಿಲ್ಲ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಶಶಿರೇಖಾ

ಮರೆತಿದ್ದೆ: ಆಸ್ಪತ್ರೆಯಿಂದ ಬಂದಾಗಿನಿಂದ ಅವ್ವ ರಂಜಿಯನ್ನು ಮುಟ್ಟಿಲ್ಲ. ಮಗು ಬಾಚಣಿಗೆ ಹಿಡಿದು ಹತ್ತಿರ ಹೋದರೆ ಹಿತ್ತಲಿಗೆ ಎದ್ದುಹೋಗುತ್ತಾಳೆ. ತನ್ನ ಕೈಯೇ ಕೆಟ್ಟದ್ದಂತೆ. ನಾನು ಹೇಳಿದರೂ ಡಾಕ್ಟರು ಹೇಳಿದರೂ ನಂಬುತ್ತಿಲ್ಲ. ಈ ಕಾಗದ ಸಿಕ್ಕ ದಿನವೇ ಅವಳಿಗೆ ಫೋನು ಮಾಡು. ಏನನ್ನೂ ವಿವರಿಸಬೇಡ. ತಪ್ಪು ನಂದು ಅವ್ವ ಅನ್ನು, ಅಷ್ಟೇ ಅನ್ನು.